ಒಂದೇ ತಿಂಗಳಲ್ಲಿ ಎರಡು ತಪಾಸಣೆ: ಮಾಟುಂಗಾದ ಪ್ಯಾಕೇಜು, ಮಾನ್‌ಖುರ್ದ್ ಕಡೆಯ ದವಾಖಾನೆ

ಕಳೆದ ಜುಲೈನಲ್ಲಿ ಮುಂಬಯಿಯ ಎರಡು ಆರೋಗ್ಯ ಸೇವೆಗಳನ್ನು ಹತ್ತಿರದಿಂದ ನೋಡುವ ಪ್ರಸಂಗ ಬಂತು. ಒಂದು, ಮಾಟುಂಗಾದ ನಮ್ಮ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಖಾಸಗಿ ಪ್ರಯೋಗಾಲಯವೊಂದರ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜು. ಇನ್ನೊಂದು, ನಮ್ಮ ಮನೆಗೆಲಸಕ್ಕೆ ಬರುವ, ಅಫಜಲಪುರದ ಕಡೆಯ ಹೆಣ್ಣುಮಗಳ ಜೊತೆ ಹೋಗಿ ನೋಡಿದ, ಪೂರ್ವ ಉಪನಗರದ ಸರ್ಕಾರಿ ಕ್ಷಯ ಚಿಕಿತ್ಸಾ ದವಾಖಾನೆ. ಎರಡರ ಹೆಸರನ್ನೂ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕಾದದ್ದು ಆ ಎರಡು ಸಂಸ್ಥೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಮೊದಲು ಪ್ಯಾಕೇಜಿನ ಮಾತು. 3,200 ರೂಪಾಯಿ ಕೊಟ್ಟೆ. ಹೇಳಿದಂತೆ ಬೆಳಿಗ್ಗೆ 7 ಗಂಟೆಗೆ ಸರಿಯಾಗಿ ಹುಡುಗ ಬಂದ, ನೋವಾಗದಂತೆ ರಕ್ತ ತೆಗೆದ, ಸಂಜೆಯೊಳಗೆ 24 ಪುಟಗಳ ಬಣ್ಣದ ವರದಿ ಮೊಬೈಲಿಗೆ ಬಂತು. ಕೆಲಸದ ಅಚ್ಚುಕಟ್ಟಿನ ಬಗ್ಗೆ ನನ್ನ ದೂರಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ನನಗೆ 6.1 ಇತ್ತು, 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂಬುದನ್ನು ವರದಿ ಸರಿಯಾಗಿಯೇ ಗುರುತಿಸಿತ್ತು. ಆದರೆ ತೂಕದ ವಿಷಯದಲ್ಲಿ ತಪ್ಪಿತ್ತು. ಎತ್ತರಕ್ಕೆ ತಕ್ಕ ತೂಕವೇ ಎಂದು ತಿಳಿಸುವ ದೇಹದ ತೂಕದ ಸೂಚ್ಯಂಕ (ಬಿಎಂಐ) 24 ಇದ್ದದ್ದನ್ನು ಹಸಿರು ಬಣ್ಣದಲ್ಲಿ ‘ಸಾಮಾನ್ಯ’ ಎಂದು ತೋರಿಸಿದ್ದರು. 25ರ ಗಡಿ ಯುರೋಪಿನವರ ಮೈಕಟ್ಟಿಗೆ ಹೊಂದುವಂಥದ್ದು. ನಮ್ಮ ಜನರಿಗೆ 23 ದಾಟಿದರೇ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲಿ ತಿಳಿಸಿರುವಾಗ, ಇಂಥ ವರದಿಯಲ್ಲಿ ಈ ತಪ್ಪು ಸಣ್ಣದಲ್ಲ. ಎರಡು ದಿನಗಳ ನಂತರ ಬಂದ ಫೋನಿನಲ್ಲಿ ವಿಟಮಿನ್ ಡಿ ಮಾತ್ರೆಗಳ ಮಾರಾಟದ ಮಾತಿತ್ತು. ಸಂಜೆಯ ನಡಿಗೆಯ ಬಗ್ಗೆ, ಊಟದ ಅನ್ನದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಈಗ ದವಾಖಾನೆ. ಆಕೆಗೆ ಮೂರು ವಾರಗಳಿಂದ ಕೆಮ್ಮಿತ್ತು, ಸಂಜೆಯಾದರೆ ಜ್ವರ ಬರುತ್ತಿತ್ತು. “ಮಳಿಗಾಲದ ಕೆಮ್ಮು ಅಕ್ಕಾರ, ಹೋಗ್ತದ” ಎನ್ನುತ್ತಿದ್ದಳು. ಒಂದು ದಿನದ ಕೂಲಿ ತಪ್ಪುವ ಹೆದರಿಕೆಯೇ ಆ ಮಾತನ್ನು ಆಡಿಸುತ್ತಿತ್ತೆಂದು ನನಗೆ ತಡವಾಗಿ ಅರ್ಥವಾಯಿತು. ದವಾಖಾನೆಯಲ್ಲಿ ಕೂರಲು ಬೆಂಚುಗಳು ಸಾಲದು, ಕೇಸ್ ಪೇಪರ್ (ರೋಗಿಯ ನೋಂದಣಿ ಚೀಟಿ) ಮಾಡಿಸಲು ಒಂದೂವರೆ ಗಂಟೆ ನಿಲ್ಲಬೇಕಾಯಿತು. ಕೆಮ್ಮುವವರೂ ಕೈಗೂಸುಗಳನ್ನು ಎತ್ತಿಕೊಂಡವರೂ ಒಂದೇ ಸಾಲಿನಲ್ಲಿದ್ದರು. ಕ್ಷಯ ಗಾಳಿಯಿಂದ ಹರಡುವ ರೋಗವಾದ್ದರಿಂದ ಇದನ್ನು ದೊಡ್ಡ ದೋಷವೆಂದೇ ಹೇಳಬೇಕು. ಆದರೆ ಒಳಗೆ ಹೋದ ಮೇಲೆ ಸಿಕ್ಕಿದ್ದು ನಾನು ಎಣಿಸಿರದಷ್ಟು ಒಳ್ಳೆಯ ವೈದ್ಯಕೀಯ. ಕಫದ ಡಬ್ಬಿ ಕೊಟ್ಟ ನರ್ಸ್‌ಬಾಯಿ, ಉಗುಳಲ್ಲ, ಎದೆಯೊಳಗಿನ ಕಫವೇ ಬೇಕೆಂದು ಉಸಿರೆಳೆದು ಕೆಮ್ಮುವ ರೀತಿಯನ್ನು ತಾವೇ ಮಾಡಿ ತೋರಿಸಿದರು. ಕ್ಷಯದ ಜೊತೆಗೆ ಔಷಧ ನಿರೋಧವನ್ನೂ ಗುರುತಿಸುವ ಯಂತ್ರದಲ್ಲಿ ಪರೀಕ್ಷೆಯಾಗಿ, ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯವೆಂದು ಮರುದಿನವೇ ಗೊತ್ತಾಯಿತು. ಎಲ್ಲವೂ ಉಚಿತ. ಎರಡು ತಿಂಗಳು ನಾಲ್ಕು ಔಷಧಗಳು, ಆಮೇಲೆ ನಾಲ್ಕು ತಿಂಗಳು ಮೂರು, ತೂಕ ನೋಡಿ ಗುಳಿಗೆಗಳ ಲೆಕ್ಕ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿಯಾಗಿ ಗುಳಿಗೆ ಬಿಡಬಾರದು ಎಂದು ನರ್ಸ್‌ಬಾಯಿ ಮರಾಠಿಯಲ್ಲಿ ಎರಡು ಸಲ ಹೇಳಿದರು, ನಾನು ಅದನ್ನು ಕನ್ನಡದಲ್ಲಿ ಇನ್ನೊಂದು ಸಲ ಹೇಳಿದೆ.

ಅಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ನಾನು ಮರೆಯಲಾರೆ. ಆಕೆಯ ರಕ್ತದ ಸಕ್ಕರೆಯನ್ನು ನೋಡಿದರು, 240 ಬಂತು, ಮಧುಮೇಹದ ಮಟ್ಟ. ಮಧುಮೇಹಿಗಳಿಗೆ ಕ್ಷಯ ತಗಲುವ ಸಂಭವ ಎರಡು ಮೂರು ಪಟ್ಟು ಹೆಚ್ಚಾದ್ದರಿಂದ ಕ್ಷಯ ರೋಗಿಗಳೆಲ್ಲರಿಗೂ ಈ ಪರೀಕ್ಷೆ ಮಾಡುವುದು ನಿಯಮ. ಸಕ್ಕರೆ ಕಾಯಿಲೆ ಸಿರಿವಂತರದು, ಕ್ಷಯ ಬಡವರದು ಎಂದು ನಾವು ಮಾಡಿಕೊಂಡಿರುವ ವಿಂಗಡಣೆ ಆ ಕೇಸ್ ಪೇಪರಿನ ಮೇಲೆ ಸುಳ್ಳಾಗಿತ್ತು. ಎರಡೂ ಒಂದೇ ಮೈಯಲ್ಲಿದ್ದವು. ಬಳಿಕ ಮನೆಯಲ್ಲಿ ಯಾರು ಯಾರು ಇದ್ದಾರೆಂದು ಕೇಳಿ, ಗಂಡನನ್ನೂ ಮಕ್ಕಳನ್ನೂ ಕರೆಸಿ ಪರೀಕ್ಷಿಸಿ, ನಾಲ್ಕು ವರ್ಷದ ಮಗನಿಗೆ ರೋಗ ಬಾರದಂತೆ ತಡೆಯುವ ಔಷಧ ಶುರು ಮಾಡಿದರು. ನನ್ನ 24 ಪುಟಗಳಲ್ಲಿ ಮನೆಯವರ ಸುದ್ದಿಯೇ ಇರಲಿಲ್ಲ.

ಆದರೂ ಈ ದವಾಖಾನೆಯ ಕೈ ತಲುಪದ ಜಾಗವೊಂದಿದೆ, ಅದು ಆಕೆಯ ಮನೆ. ಮಾನ್‌ಖುರ್ದ್ ಕಡೆಯ ಪುನರ್ವಸತಿ ಕಟ್ಟಡದ ಒಂದನೆಯ ಮಹಡಿಯಲ್ಲಿ, ಮಧ್ಯಾಹ್ನ ಹನ್ನೆರಡಕ್ಕೂ ದೀಪ ಉರಿಯುವ ಕೋಣೆ. ಕಿಟಕಿಯಿಂದ ಎದುರು ಕಟ್ಟಡ ಮೂರು ಮೀಟರಿನಷ್ಟೇ ದೂರದಲ್ಲಿದೆ, ನಡುವೆ ಕಸದ ರಾಶಿ, ಅದರ ನಾತಕ್ಕೆ ಕಿಟಕಿ ಸದಾ ಮುಚ್ಚಿರುತ್ತದೆ. ಇದೇ ಭಾಗದ ಲಲ್ಲೂಭಾಯಿ ಕಾಂಪೌಂಡ್ ಮತ್ತು ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ‘ಡಾಕ್ಟರ್ಸ್ ಫಾರ್ ಯೂ’ ಸಂಸ್ಥೆ ನಡೆಸಿದ ಅಧ್ಯಯನವು, ಗಾಳಿ ಬೆಳಕು ಕಡಿಮೆಯಿರುವ ಕೆಳಗಿನ ಮಹಡಿಗಳಲ್ಲಿಯೇ ಕ್ಷಯ ಹೆಚ್ಚೆಂದು ಕಂಡುಕೊಂಡಿತ್ತು.

ಈ ಪಾಠವನ್ನು ಮುಂಬಯಿ ಹಿಂದೊಮ್ಮೆ ಕಲಿತಿತ್ತು. 1896ರ ಪ್ಲೇಗಿನ ನಂತರ, 1898ರಲ್ಲಿ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಕೋಣೆಯೊಳಗೆ ಆಕಾಶದ ಬೆಳಕು ಬರಬೇಕೆಂದು ಆ ಟ್ರಸ್ಟ್ 63.5 ಡಿಗ್ರಿಯ ನಿಯಮವನ್ನು ಪಾಲಿಸಿತು. ಅದರಂತೆ ಕಟ್ಟಡದ ಎತ್ತರದ ಅರ್ಧದಷ್ಟಾದರೂ ಬಯಲು ಅದರ ಮುಂದೆ ಇರಬೇಕು. ಅದೇ ಟ್ರಸ್ಟಿನ ದಾದರ್-ಮಾಟುಂಗಾ ಯೋಜನೆಯಿಂದ ನಮ್ಮ ಬಡಾವಣೆ ಹುಟ್ಟಿತು. ನಮ್ಮ ಪಡಸಾಲೆಗೆ ಬೆಳಿಗ್ಗೆ ಬೀಳುವ ಬಿಸಿಲು ಆ ನಿಯಮದ ಕೊಡುಗೆ. ಆ ಲೆಕ್ಕದಲ್ಲಿ 20 ಮೀಟರ್ ಎತ್ತರದ ಕಟ್ಟಡಕ್ಕೆ 10 ಮೀಟರ್ ಬಯಲು ಬೇಕು, ಆಕೆಗೆ ಸಿಕ್ಕಿದ್ದು ಮೂರು. 2020ರ ಜುಲೈನಲ್ಲಿ ಮಾಟುಂಗಾ, ಚೆಂಬೂರು ಪಶ್ಚಿಮ, ದಹಿಸರ್‌ಗಳ ವಾರ್ಡುಗಳಲ್ಲಿ ನಡೆದ ಕೊರೊನಾ ಪ್ರತಿಕಾಯ ಸಮೀಕ್ಷೆಯಲ್ಲಿ ಕೊಳೆಗೇರಿಗಳವರಲ್ಲಿ ಶೇ. 57, ಉಳಿದವರಲ್ಲಿ ಶೇ. 16 ಮಂದಿಗೆ ಸೋಂಕು ತಗಲಿದ್ದು ಕಂಡುಬಂದಿತ್ತು. ವಾರ್ಡು ಒಂದೇ ಆಗಿದ್ದರೂ ಕೋಣೆಗಳು ಬೇರೆಯಾಗಿದ್ದವು.

ಊಟದ ವಿಷಯವೂ ಹೀಗೆಯೇ. “ಬರೇ ಹೊಟ್ಟೀಲೆ ಗುಳಿಗಿ ನುಂಗಿದ್ರ ವಾಂತಿ ಬಂದಂಗ ಆಗ್ತದ ಅಕ್ಕಾರ” ಎಂದು ಮೊದಲ ವಾರವೇ ಹೇಳಿದಳು. ಕ್ಷಯ ರೋಗಿಗಳ ಪೌಷ್ಟಿಕ ಊಟಕ್ಕೆಂದು ಕೇಂದ್ರ ಸರ್ಕಾರ ನಡೆಸುವ ನಿಕ್ಷಯ ಪೋಷಣ ಯೋಜನೆಯಲ್ಲಿ ಚಿಕಿತ್ಸೆಯಲ್ಲಿರುವವರಿಗೆ ತಿಂಗಳಿಗೆ 500 ಇದ್ದ ಸಹಾಯಧನ 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಜಾರ್ಖಂಡದಲ್ಲಿ ರೋಗಿಗಳ ಮನೆಯವರಿಗೂ ಧಾನ್ಯ ಬೇಳೆ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಮನೆಗಳ ಹೊಸ ಕ್ಷಯ ಪ್ರಕರಣಗಳು ಶೇ. 39ರಷ್ಟು ಇಳಿದವು. ಆದ್ದರಿಂದ ರೋಗಿಯೊಬ್ಬಳಿಗೆ ಹಣ ಕೊಟ್ಟರೆ ಸಾಲದು, ಆ ಮನೆಯ ಒಲೆಗೇ ಧಾನ್ಯ ಬರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ಯಾಕೇಜನ್ನು ಮತ್ತೆ ಕೊಳ್ಳುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಇಷ್ಟನ್ನು ಪರಿಚಯದ ವೈದ್ಯರ ಮೂಲಕ ಮಾಡಿಸಿದರೆ ಸಾಕು. ಎರಡು ವಾರ ಮೀರಿದ ಕೆಮ್ಮಿದ್ದರೆ, ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ಸರ್ಕಾರಿ ಕ್ಷಯ ದವಾಖಾನೆಗೆ ಹೋಗುವಂತೆ ಶಿಫಾರಸು ಮಾಡುತ್ತೇನೆ. ಸಹಾಯಧನ ಬ್ಯಾಂಕ್ ಖಾತೆಗೇ ಬರುವುದರಿಂದ, ಹೋಗುವಾಗ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರು ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಆಕೆಯ ಖಾತೆ ಊರಿನಲ್ಲಿ ತವರಿನ ಹೆಸರಿನಲ್ಲಿದ್ದುದರಿಂದ ಹೊಸದನ್ನು ತೆರೆಯಬೇಕಾಯಿತು. ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಮೊದಲ ದಿನ ಜೊತೆಗೆ ಹೋಗಿ, ಅಲ್ಲಿನ ಮಾತೆಲ್ಲ ಮರಾಠಿಯಲ್ಲಿರುತ್ತದೆ. ಆಕೆಯ ಔಷಧ ಜನವರಿಯಲ್ಲಿ ಮುಗಿಯಿತು, ಕಫ ಶುದ್ಧವಾಗಿದೆ, ತೂಕ ಐದು ಕಿಲೋ ಏರಿದೆ. ಅದೇ ಕೋಣೆಯಲ್ಲಿದ್ದಾಳೆ.