600 ರೆಸಿಸ್ಟರ್‌ಗಳ ಕಿಟ್: ನೀಲಿ ಮೈ ಮೇಲಿನ ಕಂದು ಪಟ್ಟೆಯ ಪೇಚು

ಒಂದೊಂದು ಮೌಲ್ಯಕ್ಕೆ 20ರಂತೆ 30 ಮೌಲ್ಯಗಳು, ಒಟ್ಟು 600 ರೆಸಿಸ್ಟರ್ (ಕರೆಂಟಿನ ಹರಿವನ್ನು ತಡೆಯುವ ಬಿಡಿಭಾಗ; ಆ ತಡೆಯ ಅಳತೆ ಓಮ್). ಕಾಲು ವ್ಯಾಟ್, ಮೆಟಲ್ ಫಿಲ್ಮ್, ಟಾಲರೆನ್ಸ್ (ಮೌಲ್ಯ ಹೆಚ್ಚುಕಡಿಮೆ ಆಗಬಹುದಾದ ಮಿತಿ) ಶೇ. 1, 10 ಓಮ್‌ನಿಂದ 1 ಮೆಗಾ ಓಮ್‌ವರೆಗೆ. ಬೇರೆ ಬೇರೆ ಲೇಬಲ್ಲಿನಲ್ಲಿ ಸಿಗುವ ಈ ಕಿಟ್ ಕೆಲಸ ಗೊತ್ತಿದ್ದವರ ಮೇಜಿನ ಮೇಲೆ ಇರಲೇಬೇಕಾದ ಸಾಮಾನು. ಮೈ ಮೇಲಿನ ಪಟ್ಟೆಗಳಲ್ಲಿ ಮೌಲ್ಯ ಹೇಳುವ ಬಣ್ಣದ ಕೋಡ್ ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಮಾತ್ರ ಮೊದಲ ಖರೀದಿ ಇದಾಗಬಾರದು.

ಕೋಡ್ ನೆನಪಿಡಲು ಕನ್ನಡದಲ್ಲಿ ಒಂದು ಅನುಕೂಲವಿದೆ. 0ಯಿಂದ 9ರವರೆಗೆ ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ನಾಲ್ಕು ‘ಕ’, ಎರಡು ‘ಹ’, ಎರಡು ‘ನ’, ಎರಡು ‘ಬ’. ಎರಡು ಸಲ ಬಾಯಿಬಿಟ್ಟು ಹೇಳಿಕೊಂಡರೆ ಸಾಕು, ಮರೆಯುವುದಿಲ್ಲ.

ಕಿಟ್‌ನ ರೆಸಿಸ್ಟರ್‌ಗಳಿಗೆ ಐದು ಪಟ್ಟೆ. ಮೊದಲ ಮೂರು ಅಂಕೆಗಳು, ನಾಲ್ಕನೆಯದು ಮುಂದೆ ಎಷ್ಟು ಸೊನ್ನೆ ಎಂಬುದು, ಕೊನೆಯ ಕಂದು ಎಂದರೆ ಶೇ. 1 ಟಾಲರೆನ್ಸ್. ನಾಲ್ಕನೆಯದು ಚಿನ್ನದ ಬಣ್ಣವಾದರೆ ಹತ್ತರಿಂದ ಭಾಗಿಸಬೇಕು. 220 ಓಮ್‌ಗೆ ಕೆಂಪು, ಕೆಂಪು, ಕಪ್ಪು, ಕಪ್ಪು, ಕಂದು. 2.2 ಕೆಗೆ (ಕೆ ಎಂದರೆ ಸಾವಿರ ಓಮ್) ಕೆಂಪು, ಕೆಂಪು, ಕಪ್ಪು, ಕಂದು, ಕಂದು. ಎರಡಕ್ಕೂ ಇರುವ ವ್ಯತ್ಯಾಸ ನಾಲ್ಕನೆಯ ಪಟ್ಟೆ ಒಂದೇ, ಮತ್ತು ನೀಲಿ ಮೈ ಮೇಲೆ ಕಪ್ಪು, ಕಂದು ಒಂದೇ ಥರ ಕಾಣುತ್ತವೆ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ 220ರ ಬದಲು 2.2 ಕೆ ಹಾಕಿದರೆ ಸುಮಾರು 13 ಮಿಲಿಆಂಪ್ ಹರಿಯಬೇಕಾದಲ್ಲಿ ಒಂದೂವರೆಯೂ ಹರಿಯದು. ಎಲ್‌ಇಡಿ ಕೆಟ್ಟಿದೆ ಎಂದುಕೊಂಡು ಎಸೆಯುವವರಿದ್ದಾರೆ. ಹಳದಿ ಬಲ್ಬಿನಡಿ ಓದಲೇಬೇಡಿ. ಹಗಲು ಬೆಳಕು ಅಥವಾ ಬಿಳಿ ದೀಪ, ಜೊತೆಗೊಂದು ಭೂತಗನ್ನಡಿ ಬೇಕು.

ಇದಕ್ಕಿಂತ ದೊಡ್ಡ ಪೇಚು ಯಾವ ತುದಿಯಿಂದ ಓದಬೇಕು ಎಂಬುದು. ಟಾಲರೆನ್ಸ್ ಪಟ್ಟೆ ಸ್ವಲ್ಪ ದೂರದಲ್ಲಿರಬೇಕು, ಆದರೆ ಅಗ್ಗದ ಮಾಲಿನಲ್ಲಿ ಆ ಅಂತರ ಗೊತ್ತೇ ಆಗುವುದಿಲ್ಲ. ಒಂದೇ ತುದಿಯಲ್ಲಿ ಕಂದು ಇದ್ದರೆ ಅದೇ ಕೊನೆ. 1ರಿಂದ ಶುರುವಾಗುವ ಮೌಲ್ಯಗಳಿಗೆ ಎರಡೂ ತುದಿಯಲ್ಲಿ ಕಂದು. ತಿರುಗಿಸಿ ಓದಿದರೆ 1 ಕೆ 110 ಓಮ್ ಆಗುತ್ತದೆ, 10 ಕೆ 120, 100 ಕೆ 130, 1 ಮೆಗಾ 140. 150 ಓಮ್ ಹತ್ತು ಮೆಗಾ ಆಗಿಬಿಡುತ್ತದೆ. ಸಮಾಧಾನದ ಸಂಗತಿ ಎಂದರೆ, ಈ ತಪ್ಪು ಉತ್ತರಗಳಲ್ಲಿ ಒಂದೂ ಕಿಟ್‌ನ ಮಾಮೂಲಿ ಪಟ್ಟಿಯಲ್ಲಿಲ್ಲ. ಓದಿದ ಸಂಖ್ಯೆ ಪಟ್ಟಿಯಲ್ಲಿ ಇಲ್ಲದಿದ್ದರೆ ರೆಸಿಸ್ಟರ್ ತಿರುಗಿಸಿ. 100 ಓಮ್ ಯಾವ ಕಡೆಯಿಂದ ಓದಿದರೂ 100 ಓಮ್. ಆ ಪಟ್ಟಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ.

ಆಮೇಲೂ ಮಲ್ಟಿಮೀಟರಿನಲ್ಲಿ ಒಮ್ಮೆ ನೋಡಿಯೇ ಹಾಕಿ. 10 ಕೆ ಎಂದರೆ 9.9ರಿಂದ 10.1 ಕೆ ಒಳಗೆ ಬರಬೇಕು. ಎರಡೂ ಕಾಲುಗಳನ್ನು ಬೆರಳಲ್ಲಿ ಹಿಡಿದು 1 ಮೆಗಾ ಅಳೆದರೆ ಮೈಯ ರೋಧ ಸಮಾಂತರವಾಗಿ ಸೇರಿ ಕಡಿಮೆ ತೋರಿಸುತ್ತದೆ. 10 ಓಮ್ ಅಳೆಯುವಾಗ ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದಷ್ಟನ್ನು ಕಳೆಯಿರಿ.

ರೆಸಿಸ್ಟರ್‌ಗಳನ್ನು ಅವು ಅಂಟಿಕೊಂಡು ಬರುವ ಪೇಪರ್ ಟೇಪಿನಿಂದ ಎಳೆದು ಕಿತ್ತರೆ ಕಾಲಿನ ತುದಿಗೆ ಅಂಟು ಉಳಿದು ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ಕಾಲು ಚುಚ್ಚಿ ಜೋಡಿಸುವ ತೂತುಗಳ ಹಲಗೆ) ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಬರುತ್ತದೆ. ಟೇಪಿನ ಪಕ್ಕಕ್ಕೇ ಕಟ್ಟರಿನಲ್ಲಿ ಕತ್ತರಿಸಿ. ಕಾಲು ತೀರಾ ತೆಳ್ಳಗಿರುವ ಕಿಟ್ ಬಂದರೆ ವಾಪಸ್ ಮಾಡಿ, ಅದು ಬ್ರೆಡ್‌ಬೋರ್ಡಿನಲ್ಲಿ ನಿಲ್ಲುವುದಿಲ್ಲ.

15 ಕೆ, 22 ಕೆ, 33 ಕೆ ಈ ಕಿಟ್‌ನಲ್ಲಿ ಇರುವುದಿಲ್ಲ. ಇದೊಂದು ಕೊರತೆಯೇ. ಸರಣಿಯಲ್ಲಿ 10 ಕೆ ಜೊತೆ 5.1 ಕೆ, 20 ಕೆ ಜೊತೆ 2 ಕೆ ಜೋಡಿಸಿದರೆ 15.1 ಕೆ ಮತ್ತು 22 ಕೆ ಸಿಗುತ್ತವೆ. 10, 20 ಮತ್ತು 3.3 ಕೆ ಸೇರಿದರೆ 33.3 ಕೆ. ಕಾಲು ವ್ಯಾಟಿನ ಮಿತಿಯೂ ನೆನಪಿರಲಿ: 100 ಓಮನ್ನು 12 ವೋಲ್ಟಿಗೆ ನೇರ ಜೋಡಿಸಿದರೆ 1.44 ವ್ಯಾಟ್ ಬಿದ್ದು ಸುಟ್ಟುಹೋಗುತ್ತದೆ. 680 ತಡೆದುಕೊಂಡರೂ ಕೈ ಸುಡುವಷ್ಟು ಬಿಸಿ.

ಕಲಿಯುವವರಿಗೆ ತಿಳಿ ಕಂದು ಮೈಯ, ನಾಲ್ಕು ಪಟ್ಟೆಯ, ಶೇ. 5ರ ಕಾರ್ಬನ್ ಫಿಲ್ಮ್ ಕೊಡಿಸಿ. ಬಣ್ಣಗಳು ಎದ್ದು ಕಾಣುತ್ತವೆ, ಚಿನ್ನದ ಪಟ್ಟೆಯೇ ಕೊನೆ ಯಾವುದೆಂದು ಹೇಳಿಬಿಡುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಬಿಡಿಯಾಗಿಯೇ ಸಿಗುತ್ತವೆ: 220, 1 ಕೆ, 10 ಕೆ, ಹತ್ತತ್ತು ತಂದರೆ ಶುರುಮಾಡಲು ಸಾಕು.