ಮೂರು ಗಂಟೆಯ ತಾಳಮದ್ದಳೆ, ಎಂಟು ಜಿಬಿ ರ‍್ಯಾಮ್: ಕೆಡೆನ್‌ಲೈವ್ ಜೊತೆ ಐದು ವರ್ಷ

ನಮ್ಮೂರಿನ ತಾಳಮದ್ದಳೆ ಕೂಟಗಳನ್ನು ಚಿತ್ರೀಕರಿಸಿ ಉಳಿಸಿಡುವ ಕೆಲಸವನ್ನು 2020ರ ಕೊನೆಯಲ್ಲಿ ಕೈಗೆತ್ತಿಕೊಂಡೆ. ಎಡಿಟಿಂಗ್‌ಗೆ ಕೊನೆಗೆ ಆರಿಸಿಕೊಂಡದ್ದು ಕೆಡೆನ್‌ಲೈವ್ ಎಂಬ ಉಚಿತ ತಂತ್ರಾಂಶ. ಮನೆಯಲ್ಲಿದ್ದದ್ದು ಲಿನಕ್ಸ್ ಮಿಂಟ್ ಹಾಕಿದ ಹಳೆಯ ಡೆಸ್ಕ್‌ಟಾಪ್. ರ‍್ಯಾಮ್ ಎಂಟು ಜಿಬಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಡಿಟಿಂಗ್‌ಗೆ ಯಾವ ತಂತ್ರಾಂಶ ಎಂದು ವಿಚಾರಿಸಿದಾಗ ಹೆಚ್ಚಿನವರು ಹೇಳಿದ್ದು ಡಾವಿಂಚಿ ರಿಸಾಲ್ವ್. ಬಣ್ಣ ತಿದ್ದುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಆಗ ಲಿನಕ್ಸ್‌ಗೆ ಸಿಗುತ್ತಿದ್ದ ಉಚಿತ ಆವೃತ್ತಿ ಎಚ್.264 ವಿಡಿಯೊವನ್ನೂ ಎಎಸಿ ಧ್ವನಿಯನ್ನೂ ತೆರೆಯುತ್ತಿರಲಿಲ್ಲ. ನನ್ನ ಮೊಬೈಲ್ ಕೊಡುವುದು ಅವೆರಡನ್ನೇ. ಮೂರು ಗಂಟೆಯ ಕೂಟವನ್ನು ರಿಸಾಲ್ವ್ ತೆರೆಯಬಲ್ಲ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ವಿಡಿಯೊ ರೂಪದ ಸಾಧಾರಣ ಗುಣಮಟ್ಟಕ್ಕೆ ಬದಲಾಯಿಸಿದರೂ ನೂರು ಜಿಬಿ ದಾಟುತ್ತದೆ. ಅಷ್ಟು ಜಾಗ ಎಲ್ಲಿಂದ ತರಲಿ?

ಓಪನ್‌ಶಾಟ್ ಕಲಿಯಲು ಸುಲಭ. ಶಾಟ್‌ಕಟ್ ಹಗುರ, ಕೆಡೆನ್‌ಲೈವ್‌ನಂತೆಯೇ ಅದೂ ಎಂಎಲ್‌ಟಿ ಎಂಬ ಬುನಾದಿಯ ಮೇಲೆ ನಿಂತದ್ದು. ನಾನು ಕೆಡೆನ್‌ಲೈವ್ ಹಿಡಿದದ್ದು ಒಂದೇ ಒಂದು ಸೌಲಭ್ಯಕ್ಕಾಗಿ: ಧ್ವನಿ ನೋಡಿ ತುಣುಕುಗಳನ್ನು ಹೊಂದಿಸುವುದು.

ಕೂಟದಲ್ಲಿ ಎರಡು ಮೊಬೈಲ್ ಇಡುತ್ತೇನೆ. ಭಾಗವತರ ಹತ್ತಿರ ಒಂದು ರೆಕಾರ್ಡರ್. ಮೂರೂ ಬೇರೆ ಬೇರೆ ಹೊತ್ತಿಗೆ ಶುರುವಾಗುತ್ತವೆ. ರೆಕಾರ್ಡರ್‌ನ ಧ್ವನಿಯನ್ನು ಆಧಾರವೆಂದು ಗುರುತಿಸಿ, ಉಳಿದೆರಡನ್ನು ಅದಕ್ಕೆ ಹೊಂದಿಸು ಎಂದರೆ, ತಂತ್ರಾಂಶ ಅಲೆಗಳನ್ನು ಹೋಲಿಸಿ ತುಣುಕುಗಳನ್ನು ಸರಿಯಾದ ಜಾಗಕ್ಕೆ ಸರಿಸುತ್ತದೆ. ಚೆಂಡೆ ಮದ್ದಳೆಯ ಪೆಟ್ಟುಗಳು ಎದ್ದು ಕಾಣುವುದರಿಂದ ನಮ್ಮ ಕಲೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮೊಬೈಲ್‌ನ ಗಡಿಯಾರಕ್ಕೂ ರೆಕಾರ್ಡರ್‌ನ ಗಡಿಯಾರಕ್ಕೂ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಅದು ಬೆಳೆದು, ಅರ್ಥಧಾರಿಯ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಹಾಗಾಗಿ ನಾನು ಪ್ರತಿ ಪದ್ಯದ ಬಳಿ ಕತ್ತರಿಸಿ ಮತ್ತೆ ಹೊಂದಿಸುತ್ತೇನೆ. ಮೊಬೈಲ್ ವಿಡಿಯೊದ ಫ್ರೇಮ್ ವೇಗ ಏರಿಳಿಯುವುದೂ ಉಂಟು. ಅಂಥ ಕಡತ ಸೇರಿಸಿದಾಗ ಈಗಿನ ಆವೃತ್ತಿಗಳು ತಾವೇ ಎಚ್ಚರಿಸಿ ಪರಿವರ್ತಿಸಿಕೊಡುತ್ತವೆ. ಆ ಸಲಹೆಯನ್ನು ಒಪ್ಪಿಕೊಳ್ಳಿ.

ಎಂಟು ಜಿಬಿಯಲ್ಲಿ ಇದೆಲ್ಲ ನಡೆಯುವುದು ಪ್ರಾಕ್ಸಿಯಿಂದ. ದೊಡ್ಡ ವಿಡಿಯೊದ ಚಿಕ್ಕ ಪ್ರತಿಯ ಮೇಲೆ ಕೆಲಸ ಮಾಡುತ್ತೇವೆ, ರೆಂಡರ್ ಆಗುವಾಗ, ಅಂದರೆ ಅಂತಿಮ ವಿಡಿಯೊ ತಯಾರಾಗುವಾಗ, ಮೂಲವೇ ಬಳಕೆಯಾಗುತ್ತದೆ. ಎಫೆಕ್ಟ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಮಾತ್ರ ಮುನ್ನೋಟ ತಡವರಿಸುತ್ತದೆ, ಏಕೆಂದರೆ ಅವುಗಳ ಲೆಕ್ಕಾಚಾರ ಬಹುಪಾಲು ಸಿಪಿಯು ಮೇಲೆಯೇ ಬೀಳುತ್ತದೆ. ಮದುವೆ ವಿಡಿಯೊ ಮಾಡುವವರಿಗೆ ಇದು ದೊಡ್ಡ ಕೊರತೆ ಎನಿಸಬಹುದು. ಫ್ಯಾನಿನ ಗುಂಯ್ ಸದ್ದು ತೆಗೆಯಲು ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶಕ್ಕೇ ಹೋಗುತ್ತೇನೆ.

ಕನ್ನಡದಲ್ಲಿ ಹೆಸರು ಬರೆಯುವಾಗ ಒತ್ತಕ್ಷರ ಚದುರುವ ಕಾಟ ಇಲ್ಲಿಲ್ಲ. ನವಿಲು, ಗುಬ್ಬಿ, ನೋಟೊ ಫಾಂಟ್‌ಗಳು ಅಂದವಾಗಿ ಮೂಡುತ್ತವೆ. ‘ಕೃಷ್ಣ’ ಎಂದು ಬರೆದರೆ ‘ಕೃಷ್ಣ’ ಎಂದೇ ಕಾಣುವ ಸುಖ ಸಣ್ಣದಲ್ಲ.

2022ರಲ್ಲಿ ಕೆಡೆನ್‌ಲೈವ್ ಯೋಜನೆಯವರು ನಿಧಿ ಸಂಗ್ರಹಕ್ಕಿಳಿದಾಗ ಮುಂದಿಟ್ಟ ಗುರಿಗಳಲ್ಲಿ ಒಂದು, ಟೈಮ್‌ಲೈನ್ ಒಳಗೆ ಟೈಮ್‌ಲೈನ್, ಅಂದರೆ ಜೋಡಿಸಿಟ್ಟ ಒಂದು ಭಾಗವನ್ನು ಇಡಿಯಾಗಿ ಇನ್ನೊಂದರೊಳಗೆ ಸೇರಿಸುವುದು. 23.04ನೇ ಆವೃತ್ತಿಯಲ್ಲಿ ಅದು ಬಂತು. ಈಗ ಒಬ್ಬೊಬ್ಬರ ಸಂವಾದವನ್ನು ಬೇರೆ ಬೇರೆಯಾಗಿಟ್ಟು ಕೊನೆಗೆ ಪೋಣಿಸುತ್ತೇನೆ.

ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಎರಡು ಗಂಟೆಯ ಕೆಲಸ ಮುಳುಗಿತೆಂದುಕೊಂಡೆ. ಮತ್ತೆ ತೆರೆದಾಗ, ತಾನಾಗಿ ಉಳಿಸಿದ ಪ್ರತಿ ಇದೆ, ಬೇಕೇ ಎಂದು ಅದೇ ಕೇಳಿತು. ಹೋದದ್ದು ಕೆಲವು ನಿಮಿಷಗಳ ಕೆಲಸವಷ್ಟೇ.

ಹೊಸ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಇನ್‌ಸ್ಟಾಲ್ ಮಾಡದೆಯೇ ಓಡುವ ಒಂದೇ ಕಡತದ ರೂಪವಾದ ಆಪ್‌ಇಮೇಜ್ ಇಳಿಸಿಕೊಂಡು, ಆಯಾ ಕೂಟದ ಕಡತಗಳ ಜೊತೆಗೇ ಅದನ್ನೂ ಇಡುತ್ತೇನೆ. ಮೊದಲ ವರ್ಷದ ಕೂಟವೊಂದರ ಹಿರಿಯ ಅರ್ಥಧಾರಿ ಈಗಿಲ್ಲ. ಅವರ ಕರ್ಣನ ಮಾತಷ್ಟನ್ನೇ ಬೇರೆ ಮಾಡಿ ಕೊಡಿ ಎಂದು ಹೋದ ತಿಂಗಳು ಅವರ ಮಗಳು ಕೇಳಿದರು. ಹಾರ್ಡ್ ಡಿಸ್ಕ್ ಬದಲಾಗಿತ್ತು. ವಿಡಿಯೊಗಳು ಎಲ್ಲಿವೆ ಎಂದು ತಂತ್ರಾಂಶ ಕೇಳಿತು, ಫೋಲ್ಡರ್ ತೋರಿಸಿದೆ, ಎಲ್ಲವನ್ನೂ ಹುಡುಕಿಕೊಂಡಿತು. ಸಂಜೆಯೊಳಗೆ ಇಪ್ಪತ್ತೆರಡು ನಿಮಿಷದ ಕರ್ಣ ಅವರ ಮನೆ ಸೇರಿದ.