ಶಂಕರಘಟ್ಟದ ಕುವೆಂಪು ವಿವಿ, ಓದಿ ಬಂದವನ ಮಾತು

ಎಂ.ಎ.ಗೆ ಎಲ್ಲಿ ಸೇರ್ಲಿ ಅಂತ ಕೇಳೋರಿಗೆ ನಾನು ಕಣ್ಮುಚ್ಚಿ ಹೇಳೋದು ಕುವೆಂಪು ವಿವಿ. ಶುರುವಾಗಿದ್ದು 1987ರಲ್ಲಿ, ಮೊದ್ಲು ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳೂ ಇದಕ್ಕೇ ಸೇರಿದ್ವು, 2009ರಲ್ಲಿ ದಾವಣಗೆರೆ ವಿವಿ ಬೇರೆ ಆದ್ಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಉಳ್ಕೊಂಡ್ವು. ಕ್ಯಾಂಪಸ್ ಹೆಸ್ರು ಜ್ಞಾನ ಸಹ್ಯಾದ್ರಿ, ಹೆಸ್ರಿಗೆ ತಕ್ಕ ಹಾಗೇ ಇದೆ, ಜುಲೈಲಿ ಮಳೆ ಹಿಡೀತು ಅಂದ್ರೆ ಹಗ್ಗದ ಮೇಲಿನ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ, ಆದ್ರೂ ಲೈಬ್ರರಿ ಕಿಟಕಿ ಪಕ್ಕ ಕೂತು ಆ ಮಳೆ ನೋಡ್ತಾ ನೋಟ್ಸ್ ಬರೆದ ಸುಖ ನಂಗೆ ಬೇರೆಲ್ಲೂ ಸಿಗ್ಲಿಲ್ಲ. ನನ್ನ ಬ್ಯಾಚಲ್ಲಿ ಬಹಳಷ್ಟು ಹಳ್ಳಿ ಮಕ್ಕಳು, ಮೇಷ್ಟ್ರು ಕಾರಿಡಾರಲ್ಲಿ ನಿಲ್ಲಿಸಿ ಊಟ ಆಯ್ತೇನೋ ಅಂತ ಕೇಳೋರು, ಅದನ್ನ ಮರೆಯೋಕಾಗಲ್ಲ. ಸಿಟಿ ಗಲಾಟೆ ಬೇಕು ಅನ್ನೋರಿಗೆ ಇದು ಬೇಡ. ಭದ್ರಾ ಡ್ಯಾಂ ಹತ್ರಾನೇ ಇದೆ, ಭಾನುವಾರ ಹೋಗಿ ಬನ್ನಿ.